ನಾನೂರನೆಯ ಉಸಿರು

ಜನರನ್ನು ಒಂದು ಮಾತೂ ಕೇಳದೆ ಎಣಿಸಲು ಸಾಧ್ಯವಾದರೆ ಹೇಗಿರುತ್ತದೆ?

ಕೇಳಲು ಹುಡುಗಾಟದ ಪ್ರಶ್ನೆ. ಆದರೆ ಮನೆಮನೆಯ ಬಾಗಿಲು ಬಡಿದು ತಲೆ ಎಣಿಸಿದವರನ್ನು ವಿಚಾರಿಸಿ ನೋಡಿ, ಹುಡುಗಾಟವಲ್ಲ ಎಂದು ಬೆವರು ಒರೆಸಿಕೊಂಡು ಹೇಳುತ್ತಾರೆ. ನನ್ನ ಅಪ್ಪ ಶಾಲೆಯ ಮೇಷ್ಟ್ರು. ಹಳೆಯ ಜನಗಣತಿಗೆ ಬಿಸಿಲಲ್ಲಿ ತಿರುಗಿದವರು. 'ಮನೆಯಲ್ಲಿ ಎಷ್ಟು ಜನ?' ಎಂದರೆ 'ಯಾಕೆ, ಹೊಸ ತೆರಿಗೆಯೇ?' ಎಂದು ಮರುಪ್ರಶ್ನೆ ಹಾಕುವವರು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು 'ದೇವರು ಕೊಟ್ಟಷ್ಟು' ಎನ್ನುವ ಅಜ್ಜಿಯರು. ದುಡಿಯಲು ಹೋದ ಮಗನನ್ನು ಊರಲ್ಲೂ ಬರೆಸುತ್ತಾರೆ, ಹೋದ ಕಡೆ ಅವನೂ ಬರೆಸಿಕೊಳ್ಳುತ್ತಾನೆ; ಒಬ್ಬನೇ ಇಬ್ಬರಾಗುತ್ತಾನೆ. ಬಾಗಿಲಿಗೆ ಬೀಗವಿದ್ದರೆ ಪಕ್ಕದ ಮನೆಯವರು ಹೇಳಿದ್ದೇ ಲೆಕ್ಕ. ಇಷ್ಟೆಲ್ಲ ಮಾಡಿ, ಆ ಅಂಕಿಗಳನ್ನು ಕೂಡಿಸಿ, ಅವಕ್ಕೊಂದು ಅರ್ಥ ಹೇಳಿ, ರಸ್ತೆ ಶಾಲೆ ಆಸ್ಪತ್ರೆ ಹಂಚುವಷ್ಟರಲ್ಲಿ ಅಂದು ತೊಟ್ಟಿಲಲ್ಲಿದ್ದ ಮಗುವಿಗೆ ಮೀಸೆ ಬಂದಿರುತ್ತಿತ್ತು.

ನಾವು ಕಟ್ಟಿದ ಉಸಿರುಪೆಟ್ಟಿಗೆ ಈ ತಾಪತ್ರಯಕ್ಕೆಲ್ಲ ಮಂಗಳ ಹಾಡಿತು. ಹಾಗೆಂದು ನಾವು ತಿಳಿದಿದ್ದೆವು.

ಬೀದಿದೀಪದ ಕಂಬಕ್ಕೆ ಕಟ್ಟುವ, ಟಿಫಿನ್ ಡಬ್ಬಿಯಷ್ಟು ಗಾತ್ರದ ಸಾಧನ ಅದು. ಅದು ಬಿಡುವ ಮಂದವಾದ ರೇಡಿಯೊ ಅಲೆಗಳು ಗೋಡೆ ದಾಟಿ, ಒಳಗಿದ್ದವರ ಎದೆಗೆ ತಾಗಿ ಹಿಂದಿರುಗುತ್ತವೆ. ಉಸಿರಾಡುವಾಗ ಎದೆ ಕೂದಲೆಳೆಯಷ್ಟು ಏರಿಳಿದರೂ ಅಲೆಯಲ್ಲಿ ಅದರ ಗುರುತು ಮೂಡುತ್ತದೆ. ಒಬ್ಬರ ಉಸಿರಿನ ಲಯ ಇನ್ನೊಬ್ಬರದರಂತೆ ಇರುವುದಿಲ್ಲ. ಸಂತೆಯ ಗದ್ದಲದಲ್ಲೂ ಮಗು ತನ್ನ ತಾಯಿಯ ದನಿಯನ್ನು ಬೇರೆ ಮಾಡಿಕೊಳ್ಳುವ ಹಾಗೆ ಪೆಟ್ಟಿಗೆ ಒಂದೊಂದೇ ಲಯವನ್ನು ಬಿಡಿಸಿ ಎಣಿಸುತ್ತದೆ. ದನ, ನಾಯಿ, ಬೆಕ್ಕುಗಳ ಲಯ ಬೇರೆ, ಅವನ್ನು ಬಿಟ್ಟುಬಿಡುತ್ತದೆ. ಹೆಸರು ಬೇಡ, ಜಾತಿ ಬೇಡ, ವಯಸ್ಸು ಬೇಡ. ಮಲಗಿದವರ ಉಸಿರನ್ನು ಕದ್ದು ಕೇಳಬಾರದೆಂದು ಕಾಯಿದೆ ಇರುವುದರಿಂದ, ಬೀದಿದೀಪ ಹೊತ್ತಿದಾಗಿನಿಂದ ಊಟದ ಹೊತ್ತಿನವರೆಗೆ ಮಾತ್ರ ಅದಕ್ಕೆ ಕಿವಿ. ಒಂದು ವಾರ ಕೇಳಿ, ಓಣಿಯ ಜನಸಂಖ್ಯೆಯನ್ನು ಧಾರವಾಡದ ನಮ್ಮ ಎಣಿಕೆ ಕೇಂದ್ರಕ್ಕೆ ಕಳಿಸಿಬಿಡುತ್ತದೆ.

ಬರಿಯ ಅಂಕಿ ಕಳಿಸಿದರೆ ಸರಕಾರಕ್ಕೆ ಸಾಲದು. ಏರಿದ್ದರೆ ಯಾಕೆ ಏರಿತು, ಇಳಿದಿದ್ದರೆ ಯಾಕೆ ಇಳಿಯಿತು ಎಂದು ಕಾರಣವೂ ಬೇಕು. ಅದನ್ನೂ ಗಣಕಯಂತ್ರವೇ ತುಂಬುತ್ತಿತ್ತು. ಜನನ, ಮರಣ, ವಲಸೆ, ಗಡಿ ಬದಲಾವಣೆ. ಕೊನೆಯಲ್ಲಿ ಶಾಸ್ತ್ರಕ್ಕೆ 'ಇತರೆ' ಅಂತ ಒಂದು ಖಾಲಿ ಜಾಗ. ಅದನ್ನು ಯಾರೂ ತುಂಬಿದ್ದನ್ನು ನಾನು ನೋಡಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಐವತ್ತರ ಆಸುಪಾಸು, ಹಣೆಗೆ ವಿಭೂತಿ, ಕಂಕುಳಲ್ಲಿ ಚೀಲ. ಕಾವಲುಗಾರ ಹಿಂದಿನಿಂದ ಓಡಿ ಬರುತ್ತಿದ್ದ.

"ರುದ್ರಮುನಿ ಸಾಹೇಬ್ರು ಅಂದ್ರ ನೀವೇನ್ರಿ?"

ಹೌದು ಎಂದೆ.

"ನಾ ಬಸಲಿಂಗವ್ವ ಹೊಸಮನಿ. ಹಳ್ಳದಕೊಪ್ಪದ ಜಮಖಾನಿ ಓಣಿ ಅಂಗನವಾಡಿ ಟೀಚರ್. ನಮ್ಮ ಓಣ್ಯಾಗಿನ ಇಪ್ಪತ್ತೊಂಬತ್ತ ಮಂದೀನ ನಿಮ್ಮ ಡಬ್ಬಿ ನುಂಗೈತಿ. ಎಲ್ಲಿ ಇಟ್ಟೀರಿ ಹೇಳ್ರಿ, ಕರಕೊಂಡು ಹೊಕ್ಕೇನಿ."

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಕೆ ಮಾತ್ರ ನಗಲಿಲ್ಲ.

ವಿಷಯ ಇಷ್ಟು. ಬೆಣ್ಣೆಹಳ್ಳದ ದಂಡೆಯ ಆ ಊರಿನ ಜಮಖಾನಿ ಓಣಿಯಲ್ಲಿ ಹಿಂದಿನ ಗಣತಿಯಂತೆ ಸರಿಯಾಗಿ ನಾನೂರು ಜನ. ನಾನೂರು ತಲೆಗೆ ಒಂದು ಅಂಗನವಾಡಿ ಎಂಬುದು ನಿಯಮ. ಈ ಸಲ ಪೆಟ್ಟಿಗೆ ಮುನ್ನೂರ ಎಪ್ಪತ್ತೊಂದು ಎಂದಿತು. 'ಇಳಿಕೆಗೆ ಕಾರಣ: ವಲಸೆ' ಎಂದು ಯಂತ್ರ ಬರೆಯಿತು. ಕೇಂದ್ರ ಮುಚ್ಚಿ, ಮಕ್ಕಳನ್ನು ಹೆದ್ದಾರಿಯ ಆಚೆಗಿನ ಅಂಗನವಾಡಿಗೆ ಸೇರಿಸಿ ಎಂಬ ಆದೇಶ ತಾನಾಗಿಯೇ ಹೊರಟಿತು.

"ಮೂರ ವರ್ಷದ ಕೂಸುಗಳ್ರೀ," ಎಂದಳು ಬಸಲಿಂಗವ್ವ. "ಆ ಹೆದ್ದಾರಿ ಮ್ಯಾಲೆ ಹತ್ತಿ ಲಾರಿ ಹ್ಯಾಂಗ ಹೊಕ್ಕಾವ ನೋಡೀರೇನು? ದಾಟಿಸವ್ರು ಯಾರು? ಅವ್ವಂದ್ರು ಮಗ್ಗದ ಮುಂದ, ಅಪ್ಪಂದ್ರು ಹಮಾಲಿಗೆ. ಕಳಸೂದಿಲ್ಲ, ಮನ್ಯಾಗ ಇಟ್ಕೋತಾರ. ಆ ಮ್ಯಾಲೆ ತತ್ತಿಲ್ಲ, ಹಾಲಿಲ್ಲ, ಅಕ್ಷರಿಲ್ಲ. ಯಾರೂ ಊರ ಬಿಟ್ಟ ಹೋಗಿಲ್ರೀ. ದಿನಾ ಮುಖಾ ನೋಡಾಕಿ ನಾನು."

"ಯಂತ್ರ ಸುಳ್ಳು ಹೇಳೋದಿಲ್ಲ ಅಕ್ಕೋರೆ," ಎಂದೆ, ಸಮಾಧಾನದ ದನಿಯಲ್ಲಿ.

"ಸುಳ್ಳ ಹೇಳಾಕ ಅದಕ್ಕ ಬಾಯೆಲ್ಲೈತಿ? ಕೇಳಿಸಿಕೊಳ್ಳಾಕ ಬರೂದಿಲ್ಲೇನೋ ನೋಡ್ರಿ."

ಚೀಲ ಕಂಕುಳಿಗೇರಿಸಿ ಹೊರಟುಹೋದಳು. ನನಗೆ ಸಿಟ್ಟು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನ ಮುದ್ದಿನ ಹೆಗ್ಗಣಕ್ಕೆ ಕಿವುಡು ಎಂದರೆ ಬಾರದೇ ಇರುತ್ತದೆಯೆ? ಅವಳ ಮಾತು ಸುಳ್ಳೆಂದು ಸಾಧಿಸಲೆಂದೇ ಆ ಓಣಿಯ ಅಲೆಗಳನ್ನು ಪರದೆಯ ಮೇಲೆ ತೆಗೆದೆ.

ಕೊರತೆ ಓಣಿಯ ತುಂಬ ಹರಡಿರಲಿಲ್ಲ. ಇಪ್ಪತ್ತೊಂಬತ್ತು ಮನೆಗಳಲ್ಲಿ ಒಂದೊಂದು ತಲೆ ಕಡಿಮೆ, ಅಷ್ಟೆ. ವಲಸೆ ಹೋಗುವವರು ಹೀಗೆ ಮನೆಗೊಬ್ಬರಂತೆ ಪಾಳಿ ಹಚ್ಚಿ ಹೋಗುತ್ತಾರೆಯೇ? ಆ ಮನೆಗಳ ಅಲೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಉಳಿದವರ ಗೆರೆಗಳೆಲ್ಲ ದಾರದಷ್ಟು ಸಣ್ಣ, ಒಂದು ಗೆರೆ ಮಾತ್ರ ಹಗ್ಗದಷ್ಟು ದಪ್ಪ. ಅದನ್ನು ಶಬ್ದವಾಗಿಸಿ ಕಿವಿಗೆ ಹಚ್ಚಿಕೊಂಡೆ. ದಬ್, ದಬ್ ಎಂಬ ಪೆಟ್ಟು. ಪೆಟ್ಟು ಬೀಳುವ ಮುಂಚೆ ಒಂದು ಉಸಿರು ಒಳಗೆ, ಪೆಟ್ಟಿನ ಜೊತೆಗೆ ಹೊರಗೆ. ಯಾವುದೋ ದೊಡ್ಡ ಜೀವ ಗೋಡೆಯಾಚೆ ಕೂತು ಉಸಿರಾಡುತ್ತಿರುವಂತಿತ್ತು. ಇಡೀ ಮಧ್ಯಾಹ್ನ ಅದನ್ನೇ ಕೇಳಿದೆ. ಏನೆಂದು ತಿಳಿಯಲಿಲ್ಲ.

ಮನೆಗೆ ಹೋದಾಗ ಹೆಂಡತಿ ಇಂದುಮತಿ ಅವರೆಕಾಯಿ ಬಿಡಿಸುತ್ತಿದ್ದಳು. ಧಾರವಾಡದ ಹೆಣ್ಣು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ, ಮನೆಯಲ್ಲಿ ನನಗೆ. ನಡೆದದ್ದನ್ನು ಹೇಳುತ್ತ ನಾನೂ ಬುಟ್ಟಿಗೆ ಕೈ ಹಾಕಿದೆ.

"ಜಮಖಾನ ಹ್ಯಾಂಗ ನೇಯ್ತಾರ ನೋಡೀರೇನು?" ಎಂದು ಕೇಳಿದಳು. ನಾನು ನೋಡಿರಲಿಲ್ಲ. "ನಿಂತ ಮಗ್ಗ ಇರ್ತದ. ಅದರ ಮುಂದ ಇಬ್ಬರು ಹೆಂಗಸರು ಭುಜಕ್ಕ ಭುಜ ಹಚ್ಚಿ ಕೂಡ್ತಾರ. ಹೊಕ್ಕಿನ ಎಳಿ ಈಕಿ ಕೈಯಿಂದ ಆಕಿ ಕೈಗೆ ಹೋಗಬೇಕು. ಹಣಿಗಿ ಹಾಂಗ ಹಲ್ಲಿರೋ ಕಬ್ಬಿಣದ ಪಂಜಾದಿಂದ ಇಬ್ಬರೂ ಕೂಡೇ ಬಡೀಬೇಕು, ಹಿಂದ ಮುಂದ ಆದ್ರ ಹೂವು ಸೊಟ್ಟ ಆಗ್ತದ. ಪಂಜಾ ಹಿಡದಾಗ ಮಾತಾಡಂಗಿಲ್ಲ, ಎಳಿ ತಪ್ಪತಾವ."

ನಾನು ಅವರೆಕಾಯಿ ಕೆಳಗಿಟ್ಟೆ. ಪ್ರಯೋಗಕ್ಕೆಂದು ತಂದಿಟ್ಟಿದ್ದ ಒಂದು ಪೆಟ್ಟಿಗೆ ಕಪಾಟಿನ ಮೇಲೆ ಇತ್ತು. ಚಾಲೂ ಮಾಡಿದೆ, 2 ಎಂದು ತೋರಿಸಿತು.

"ಹಾಡು," ಎಂದೆ.

"ಏನು?"

"ಯಾವುದಾದರೂ ಜೋಗುಳ. ನಾನೂ ಹಾಡ್ತೀನಿ."

ನಮ್ಮ ಮದುವೆಯಾದಾಗಿನಿಂದ ನಾನು ಆಡಿದ ಅತ್ಯಂತ ಹುಚ್ಚು ಮಾತು ಅದು ಎಂಬಂತೆ ನೋಡಿದಳು. ಆದರೂ ಹಾಡಿದಳು, ನಾನು ದನಿ ಸೇರಿಸಿದೆ. ಸಾಲು ಮುಗಿದಾಗ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಳ್ಳಲೇಬೇಕು. ಮೂರನೆಯ ಸಾಲಿಗೆ ಪೆಟ್ಟಿಗೆಯ 2 ಮಿಣುಕಿ 1 ಆಯಿತು.

ಇಂದುಮತಿ ಅದನ್ನು ಕಂಡು, ಹಾಡು ಬಿಟ್ಟು ನಕ್ಕುಬಿಟ್ಟಳು. ಮತ್ತೆ 2.

"ಅಂತೂ ನಿಮ್ಮ ಯಂತ್ರದ ದೃಷ್ಟ್ಯಾಗ ಎರಡು ನಿಮಿಷರ ಒಂದಾದಿವಿ ಬಿಡ್ರಿ," ಎಂದಳು.

ಆ ಹೊತ್ತು ನನಗೆ ಊಟ ಸೇರಲಿಲ್ಲ. ಭಯದಿಂದಲ್ಲ, ಕುತೂಹಲದಿಂದ. ಉಸಿರಿನ ಲಯ ಒಂದಾದರೆ ಪೆಟ್ಟಿಗೆಗೆ ಇಬ್ಬರೂ ಒಬ್ಬರೇ. ಹಾಗಾದರೆ ಇನ್ನೂ ಎಲ್ಲೆಲ್ಲಿ ಹೀಗಾಗಿದೆ? ಸಂಜೆಯ ಭಜನೆಯಲ್ಲಿ ಕೂತವರು, ಒಟ್ಟಿಗೆ ಅವಲಕ್ಕಿ ಕುಟ್ಟುವವರು, ಕುಲುಮೆಯ ಮುಂದೆ ಸುತ್ತಿಗೆ ಎತ್ತುವ ಅಣ್ಣತಮ್ಮಂದಿರು. ಕೂಡಿ ದುಡಿದವರನ್ನು, ಕೂಡಿ ಹಾಡಿದವರನ್ನು ಆರಿಸಿ ಆರಿಸಿ ಕಳೆದುಬಿಟ್ಟಿತ್ತು ನನ್ನ ಪೆಟ್ಟಿಗೆ.

ಮರುದಿನ ನಮ್ಮ ನಿರ್ದೇಶಕಿ ಪದ್ಮಜಾ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಒಳ್ಳೆಯವರು, ಆದರೆ ನಿಯಮಗಳ ಹೆಂಗಸು.

"ಪೆಟ್ಟಿಗೆ ತಿದ್ದೋದಕ್ಕೆ ಎಷ್ಟು ಸಮಯ ಬೇಕು?"

"ಎರಡು ವರ್ಷವಾದರೂ ಬೇಕು ಮೇಡಂ."

"ಅಲ್ಲಿಯವರೆಗೆ ಇದ್ದದ್ದರಲ್ಲೇ ನಡೀಬೇಕು. ಓಣಿಗೆ ಒಂದು ಮರು ಎಣಿಕೆ ಕೊಡಬಹುದು. ಅದೇ ಪೆಟ್ಟಿಗೆ, ಒಂದೇ ಸಂಜೆ. ನಾನೂರು ಬಂದರೆ ಆದೇಶ ರದ್ದು. ಬಾರದಿದ್ದರೆ ನನ್ನ ಹತ್ತಿರ ಬರಬೇಡಿ."

"ಹಾಗಾದರೆ ಆ ಸಂಜೆ ಮಗ್ಗ ನಿಲ್ಲಿಸಿ ಸುಮ್ಮನೆ ಕೂತಿರಿ ಅಂತ ಹೇಳ್ತೀನಿ."

"ಸಿಂಗಾರದ ಸಂಜೆಯ ನಿಯಮ ಮರೆತಿರಾ? ಬರೆದದ್ದೇ ನೀವು."

ಹೌದು, ಬರೆದದ್ದೇ ನಾನು. ಹಿಂದೆ ಕೆಲವು ಊರುಗಳವರು ಎಣಿಕೆಯ ದಿನ ನೆಂಟರಿಷ್ಟರನ್ನೆಲ್ಲ ಕರೆಸಿ ಅಂಕಿ ಉಬ್ಬಿಸಿದ್ದರು; ಅಂಥ ಸಂಜೆಗೆ ನಾವಿಟ್ಟ ಹೆಸರು ಸಿಂಗಾರದ ಸಂಜೆ. ಅದಕ್ಕೆಂದೇ ಓಣಿಯ ಎಂದಿನ ಸದ್ದುಗಳನ್ನು ಪೆಟ್ಟಿಗೆ ನೆನಪಿಡುವಂತೆ ಮಾಡಿದ್ದೆ. ಆ ಸದ್ದಿಲ್ಲದಿದ್ದರೆ ಆ ಸಂಜೆಯ ಲೆಕ್ಕವೇ ತಳ್ಳಿಹೋಗುತ್ತದೆ. ಜಮಖಾನಿ ಓಣಿಯ ಎಂದಿನ ಸದ್ದು ಎಂದರೆ ಇಪ್ಪತ್ತೊಂಬತ್ತು ಮಗ್ಗಗಳ ದಬ್ ದಬ್. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ.

ಫೋನಿನಲ್ಲಿ ಬಸಲಿಂಗವ್ವನಿಗೆ ಎಲ್ಲವನ್ನೂ ವಿವರಿಸಿದೆ. ಪಂಜಾ ಬಡಿಯುತ್ತಲೇ ಇರಬೇಕು, ಆದರೆ ಉಸಿರು ಬೇರೆಬೇರೆಯಾಗಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಲ್ಲ, ಆಗ ಲಯ ಬಿಡುತ್ತದೆ.

"ಮಾತ ಅಂದ್ರ ಎಂಥಾ ಮಾತ್ರೀ? ಒಂದ ಮಾತಾಡಿ ಮತ್ತ ಎಳಿ ಎಣಸ್ಕೋತ ಕೂಡ್ತಾರ. ರೂಢಿ."

"ಹಾಗಾದರೆ ಜಗಳ ಆಡಿಸಬೇಕಷ್ಟೆ," ಎಂದೆ, ತಮಾಷೆಗೆ.

"ಅದೇನ ದೊಡ್ಡ ಕೆಲಸಲ್ಲ ಬಿಡ್ರಿ. ನೀವು ಡಬ್ಬಿ ಚಲೋ ಮಾಡಿ ಇಟ್ಕೋರಿ," ಎಂದಳು.

ಮರು ಎಣಿಕೆಯ ಸಂಜೆ ನಾನು ಖುದ್ದಾಗಿ ಹಳ್ಳದಕೊಪ್ಪಕ್ಕೆ ಹೋದೆ. ಹೊರಗಿನವನಾದ ನನ್ನ ಉಸಿರನ್ನು ಲೆಕ್ಕಕ್ಕೆ ಹಿಡಿಯದಂತೆ ಪೆಟ್ಟಿಗೆಗೆ ಮೊದಲೇ ಹೇಳಿಟ್ಟಿದ್ದೆ. ಬೀದಿದೀಪ ಹೊತ್ತಿತು. ನನ್ನ ಕೈಯಲ್ಲಿದ್ದ ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರಿ 371ಕ್ಕೆ ಬಂದು ನಿಂತವು. ಬಸಲಿಂಗವ್ವ ಓಣಿಯ ನಡುವೆ ನಿಂತು, ಮಕ್ಕಳಿಗೆ ಪ್ರಾರ್ಥನೆ ಶುರು ಮಾಡಿಸುವಂತೆ ಕೈ ಚಪ್ಪಾಳೆ ತಟ್ಟಿದಳು.

"ಹೂಂ, ಹಚ್ಚರೆವ್ವಾ!"

ಮೊದಲ ಮನೆಯಲ್ಲಿ ನಾಟಕ ಶುರುವಾಯಿತು. "ನಮ್ಮ ಕೋಳಿ ನಿಮ್ಮ ಹಿತ್ತಲಕ್ಕ ಬಂದ್ರ ಮೊಟ್ಟಿ ಯಾಕ ಸಿಗೂದಿಲ್ಲ?" ಎಂದಳು ಒಬ್ಬಳು, ಪಾಠ ಒಪ್ಪಿಸುವಂತೆ. "ನಿಮ್ಮ ಕೋಳಿ ಮೊಟ್ಟಿ ಹಾಕಿದ್ದ ಯಾವಾಗ?" ಎಂದಳು ಇನ್ನೊಬ್ಬಳು, ನಗು ತಡೆದುಕೊಂಡು. ಪಂಜಾಗಳ ಪೆಟ್ಟು ಹಿಂದುಮುಂದಾಯಿತು. ಪರದೆಯಲ್ಲಿ 372 ಮಿಣುಕಿತು. ಒಂದಷ್ಟು ಹೊತ್ತು ಬೇರೆಯಾಗಿ ಕೇಳಿಸಿದ ಮೇಲೆಯೇ ಪೆಟ್ಟಿಗೆ ಖಾತ್ರಿ ಮಾಡಿಕೊಳ್ಳುತ್ತದೆ. ಅಲ್ಲಿಯ ತನಕ ಮಿಣುಕುತ್ತದೆ, ಖಾತ್ರಿಯಾದರೆ ನಿಲ್ಲುತ್ತದೆ. 372 ನಿಂತಿತು.

ಆಮೇಲೆ ಓಣಿಗೆ ಓಣಿಯೇ ಕಾವೇರಿತು. ಅತ್ತೆ ಸೊಸೆ, ಅಕ್ಕ ತಂಗಿ, ತಾಯಿ ಮಗಳು, ಒಬ್ಬೊಬ್ಬರ ಮಗ್ಗದ ಮುಂದೆ ಒಂದೊಂದು ವ್ಯಾಜ್ಯ. ಆಟಕ್ಕೆಂದು ಎತ್ತಿದ ಮಾತಿನ ಬೆನ್ನಿಗೆ ನಿಜವಾದ ಮಾತುಗಳೂ ಬರತೊಡಗಿದವು. "ಹಂಗಾದ್ರ ನನ್ನ ಹಸಿರ ಸೀರಿ ಮಾತ ಈಗ ತಗೀಲೇನು?" ಎಂಬ ದನಿ ಒಂದು ಮನೆಯಿಂದ ಬಂದಾಗ ಅದರಲ್ಲಿ ನಾಟಕ ಸ್ವಲ್ಪವೂ ಇರಲಿಲ್ಲ. ಗಂಡಸರು ಚಹಾದ ಅಂಗಡಿಯ ಮುಂದೆ ಕೂತು ಬೆರಗಾಗಿ ನೋಡುತ್ತಿದ್ದರು. 380. 388. 395. ಆ ಸಂಜೆ ನೇಯ್ದ ಜಮಖಾನಗಳಲ್ಲಿ ನೆಟ್ಟಗಿನ ಹೂವು ಒಂದೂ ಇರಲಿಲ್ಲವಂತೆ.

399ಕ್ಕೆ ಬಂದು ಅಂಕಿ ನಿಂತುಬಿಟ್ಟಿತು.

"ಯಾವ ಮನಿ?" ಎಂದಳು ಬಸಲಿಂಗವ್ವ. ನಾನು ಪರದೆಯಲ್ಲಿ ತೋರಿಸಿದೆ. ಓಣಿಯ ಕೊನೆಯ ಮನೆ. ಆಕೆಯ ಮುಖ ಇಳಿಯಿತು. "ಇದು ನನಗ ಮದಲ ಹೊಳೀಬೇಕಾಗಿತ್ತು ನೋಡ್ರಿ."

ಅದು ದಾವಲಬಿ ಮತ್ತು ಜನ್ನತಬಿಯ ಮನೆ. ಅಣ್ಣತಮ್ಮಂದಿರ ಹೆಂಡಿರು, ಇಬ್ಬರಿಗೂ ಅರವತ್ತರ ಹತ್ತಿರ. ಒಂದೇ ಸೂರು, ಒಂದೇ ಮಗ್ಗ, ಆದರೆ ಅವರ ನಡುವೆ ಮಾತು ನಿಂತು ಹದಿನೈದು ವರ್ಷದ ಮೇಲಾಗಿತ್ತು. ದಾವಲಬಿಯ ಮಗಳ ಮದುವೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಾಗ ಜನ್ನತಬಿ, ಬಿರ್ಯಾನಿಗೆ ಉಪ್ಪು ಕಡಿಮೆಯಾಗಿದೆ ಎಂದುಬಿಟ್ಟಳಂತೆ. ಅಷ್ಟೇ. ಅಂದಿನಿಂದ ಏನು ಹೇಳುವುದಿದ್ದರೂ ಮಕ್ಕಳ ಬಾಯಿಂದ. ಮಗ್ಗದ ಮುಂದೆ ಹೇಗೂ ಮಾತು ಬೇಕಿರಲಿಲ್ಲ.

ಇಡೀ ಓಣಿ ಸುಳ್ಳು ಜಗಳ ಆಡಿ ಇಬ್ಬಿಬ್ಬರಾಗಿತ್ತು. ನಿಜವಾಗಿ ಜಗಳವಿದ್ದ ಇವರೇ ಒಂದಾಗಿ ಉಳಿದಿದ್ದರು!

ಬಾಗಿಲಲ್ಲಿ ನಿಂತು ನೋಡಿದೆ. ಇಬ್ಬರ ತೋಳೂ ಒಂದೇ ಸಲ ಏಳುತ್ತಿದ್ದವು, ಒಂದೇ ಸಲ ಇಳಿಯುತ್ತಿದ್ದವು. ಎಳೆ ಈ ಕೈಯಿಂದ ಆ ಕೈಗೆ ತಾನಾಗಿ ಹೋಗುತ್ತಿತ್ತು, ಒಬ್ಬರು ಇನ್ನೊಬ್ಬರತ್ತ ನೋಡುತ್ತಿರಲಿಲ್ಲ. ಮಗ್ಗದ ಮೇಲೆ ಎದುರುಬದುರಾದ ಎರಡು ನವಿಲು, ಈ ಕಡೆಯದು ದಾವಲಬಿಯದು, ಆ ಕಡೆಯದು ಜನ್ನತಬಿಯದು. ಅಷ್ಟು ಚೆಂದದ ಕೆಲಸವನ್ನು ನಾನು ಮೊದಲು ಕಂಡಿರಲಿಲ್ಲ.

"ಆಪಾ, ಒಂದ ಮಾತ ಜಗಳಾಡ್ರೆವ್ವಾ," ಎಂದು ಬೇಡಿಕೊಂಡಳು ಬಸಲಿಂಗವ್ವ. "ಕೂಸುಗಳ ಸಲುವಾಗಿ."

ದಾವಲಬಿ ಗೋಡೆಯ ಕಡೆ ತಿರುಗಿ ಹೇಳಿದಳು: "ಜಗಳಾ ಆಡಾಕ ಮಾತಿರಬೇಕಲ್ರೀ ಅಕ್ಕೋರ."

ಜನ್ನತಬಿ ಮುಂದಿನ ಎಳೆಗೆ ಕೈ ಚಾಚಿದಳು. ದಬ್, ದಬ್. ಬೇರೆ ಮನೆಗಳ ಹೆಂಗಸರು ತಮ್ಮ ಜಗಳ ಅರ್ಧಕ್ಕೆ ಬಿಟ್ಟು ಬಂದು ಅಂಗಳದಲ್ಲಿ ನೆರೆದರು. ಪೆಟ್ಟಿಗೆ ಕಿವಿ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಒಂದು ಪುಟ್ಟ ಹುಡುಗಿ ಬಸಲಿಂಗವ್ವನ ಸೆರಗು ಹಿಡಿದು, "ಅಕ್ಕೋರ, ನಾಳೆ ಸಾಲಿ ಐತಿಲ್ಲೋ?" ಎಂದು ಕೇಳಿತು. ಆಕೆ ಹುಡುಗಿಯ ತಲೆ ಸವರಿದಳು.

ಅಷ್ಟರಲ್ಲಿ ಜನ್ನತಬಿ ಕರಿಯ ಎಳೆಯೊಂದನ್ನು ತೆಗೆದುಕೊಂಡಳು. ಅವಳ ಕೈ ತನ್ನ ನವಿಲನ್ನು ದಾಟಿ ದಾವಲಬಿಯ ನವಿಲಿನ ಕಡೆಗೆ ಹೋಯಿತು. ಆಗ ನೋಡಿದೆ: ಆ ನವಿಲಿಗೆ ಕಣ್ಣಿರಲಿಲ್ಲ. ಕಣ್ಣಿನ ಜಾಗದಲ್ಲಿ ಒಂದು ಖಾಲಿ ಚುಕ್ಕೆ. ಜನ್ನತಬಿಯ ಕೈ ಅಲ್ಲಿಗೆ ಹೋಗಿ ರೂಢಿಯಂತೆ ಕಣ್ಣು ಹಚ್ಚಬೇಕಿತ್ತು, ಆದರೆ ನಡುದಾರಿಯಲ್ಲಿ ನಿಂತಿತು. ಅವಳು ಅಂಗಳದ ಮಕ್ಕಳನ್ನೊಮ್ಮೆ ನೋಡಿದಳು.

"ನಿನ್ನ ನವಿಲಿಗೆ ಕಣ್ಣಿಲ್ಲ," ಎಂದಳು.

ದಾವಲಬಿಯ ಪಂಜಾ ಎತ್ತಿದ್ದು ಎತ್ತಿದ ಹಾಗೇ ಇತ್ತು.

"ಗೊತ್ತೈತಿ," ಎಂದಳು. "ಇಷ್ಟ ವರ್ಷ ಎಲ್ಲಾ ಜಮಖಾನದಾಗೂ ಬಿಟಗೋತ ಬಂದೇನಿ. ಯಾಕಂತ ನೀ ಒಮ್ಮೆರ ಕೇಳ್ತಿ ಅಂತ. ನೀ ಸುಮ್ಮನ ಕಣ್ಣ ಹಚ್ಚಿ ಕೂಡ್ತಿದ್ದಿ."

"ಕೇಳಿದ್ರ ಏನ ಹೇಳಾಕಿದ್ದಿ?"

ದಾವಲಬಿ ಪಂಜಾ ಕೆಳಗಿಳಿಸಿದಳು. "ಬಿರ್ಯಾನಿಗೆ ಉಪ್ಪ ಕಮ್ಮೀನ ಇತ್ತು ಅಂತ."

ಪರದೆಯಲ್ಲಿ 400 ಮಿಣುಕಿತು. ನಾನು ಕೂಗಬೇಕೆನ್ನುವಷ್ಟರಲ್ಲಿ ಜನ್ನತಬಿಗೆ ನಗು ಬಂತು, ದಾವಲಬಿಗೂ ಬಂತು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅದೂ ಒಂದೇ ಲಯದಲ್ಲಿ. 399.

"ಅಯ್ಯ ನಗಬ್ಯಾಡ್ರೆವ್ವಾ!" ಬಸಲಿಂಗವ್ವ ನನ್ನ ಕೈಯ ಪರದೆ ನೋಡಿ ಹಣೆ ಬಡಿದುಕೊಂಡಳು. "ನಕ್ಕರ ಒಂದ ಆಕ್ಕೀರಿ! ಮಾತಾಡ್ರೀ, ಮಾತಾಡ್ರೀ!"

ಜನ್ನತಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಂಜಾ ಎತ್ತಿಕೊಂಡು ಸರಿಯಾಗಿ ಕೂತಳು.

"ಉಪ್ಪಷ್ಟ ಅಲ್ಲ," ಎಂದಳು. "ಖಾರಾನೂ ಕಮ್ಮಿ ಇತ್ತು."

"ಖಾರಾನ? ಖಾರಾ ಅರದಾಕಿ ಯಾರು? ನೀನ!"

"ನಾ ಅರದಿದ್ದು ಸರಿ ಇತ್ತು. ಅರ್ಧಾ ತಗದಿಟ್ಟಾಕಿ ಯಾರು?"

"ಬೀಗರಿಗೆ ಬಾಯಿ ಹುಣ್ಣ ಆಗೇತಿ ಅಂತ ನೀನ ಹೇಳಿದ್ದಿ!"

ಹದಿನೈದು ವರ್ಷದ ಬಾಕಿ ಜಗಳ, ಪಂಜಾದ ಪೆಟ್ಟಿನ ನಡುವೆ ಧಾರಾಳವಾಗಿ ಹರಿಯಿತು. ಒಬ್ಬಳು ಆಡುವಾಗ ಇನ್ನೊಬ್ಬಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು, ಸರದಿ ಬಂದೊಡನೆ ಮೇಲೆ ಬೀಳುತ್ತಿದ್ದಳು. 400 ಮಿಣುಕಿತು, ಮತ್ತೂ ಮಿಣುಕಿತು, ನಿಂತಿತು. ಬಸಲಿಂಗವ್ವ ಆ ಪುಟ್ಟ ಹುಡುಗಿಯನ್ನು ಎತ್ತಿಕೊಂಡು, "ಐತಿ, ನಾಳೆ ಸಾಲಿ ಐತಿ," ಎಂದಳು.

ಒಳಗಿನ ಜಗಳ ಮುಂದುವರಿದೇ ಇತ್ತು. ನಿಲ್ಲಿಸಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ.

ಕೇಂದ್ರಕ್ಕೆ ಲೆಕ್ಕ ಕಳಿಸುವಾಗ ಯಂತ್ರ 'ಏರಿಕೆಗೆ ಕಾರಣ: ವಲಸೆ' ಎಂದು ತಾನೇ ತುಂಬಿತ್ತು. ಅಳಿಸಿದೆ. ಪದ್ಮಜಾ ಮೇಡಂ ಇದನ್ನು ಓದುತ್ತಾರೆ, ಓದಿ ನನ್ನನ್ನು ಕರೆಸಿ ಏನಿದು ಎಂದು ಕೇಳುತ್ತಾರೆ, ಆಗ ಕೂತು ಎಲ್ಲವನ್ನೂ ಹೇಳಬೇಕಾಗುತ್ತದೆ ಎಂದು ಗೊತ್ತಿತ್ತು. ಕೇಳಲಿ ಎಂದೇ, ಯಾರೂ ತುಂಬದ ಆ 'ಇತರೆ' ಎಂಬ ಖಾಲಿ ಜಾಗದಲ್ಲಿ ಬರೆದೆ:

ಬಿರ್ಯಾನಿಗೆ ಉಪ್ಪು ಕಡಿಮೆ ಇತ್ತು.